ಜೆಸಿಬಿ ಕರೆಸುವ ಮುಂಚೆ: ಹಳೇ ಮನೆ ಕೆಡವೋದು ಹೇಗೆ, ಡೆಬ್ರಿಸ್ ಕಳಿಸೋದು ಎಲ್ಲಿಗೆ

ಮೂರು ವರ್ಷದ ಹಿಂದೆ ನಮ್ಮ ಬಚ್ಚಲುಮನೆ ರಿಪೇರಿ ಮಾಡಿಸಿದೆವು. ಹಳೇ ಟೈಲ್ಸು, ಗಾರೆ, ಒಡೆದ ಕಮೋಡು, ಅಂದರೆ ಡೆಬ್ರಿಸ್, ಎಲ್ಲ ಸೇರಿ ಮೂವತ್ತು ಸಿಮೆಂಟ್ ಚೀಲ ಆಯಿತು. ಗೂಡ್ಸ್ ಆಟೊದವನೊಬ್ಬ ಬಂದು, "ಎಲ್ಲೋ ಹಾಕ್ತೀನಿ ಬಿಡಿ ಮೇಡಂ" ಅಂತ ಮೂರು ಟ್ರಿಪ್ ಹೊಡೆದ. ಆ ಎಲ್ಲೋ ಎಲ್ಲಿ ಅಂತ ನಾನೂ ಕೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಗೊತ್ತಾಯಿತು. ಕೋಡಿ ಪಕ್ಕದಲ್ಲಿ ನಮ್ಮದೇ ನೀಲಿ ಟೈಲ್ಸು, ಅದರ ಮೇಲಿನ ಬಿಳಿ ಬಾತುಕೋಳಿ ಚಿತ್ರದ ಸಮೇತ. ಕೆರೆಯಲ್ಲಿ ಬಾತುಕೋಳಿ ಇರಬೇಕು ನಿಜ, ಟೈಲ್ಸಿನ ಬಾತುಕೋಳಿ ಯಾರಿಗೆ ಬೇಕು?

ಹಾಗಾಗಿ ಹೋದ ವರ್ಷ ಚಾಮರಾಜಪೇಟೆಯ ದೊಡ್ಡಪ್ಪನ ಮನೆ ಕೆಡವುವ ಮಾತು ಬಂದಾಗ ನಾನು ಮೊದಲೇ ಮೂಗು ತೂರಿಸಿದೆ. ಮುಂದಿನ ಅರ್ಧ ಅಜ್ಜನ ಕಾಲದ ಮದ್ರಾಸ್ ತಾರಸಿ, ಮರದ ಜಂತಿ ಮೇಲೆ ಇಟ್ಟಿಗೆ, ಸುಣ್ಣ ಕೂರಿಸಿದ್ದು. ಹಿಂದಿನ ಅರ್ಧ 1984ರಲ್ಲಿ ಸೇರಿಸಿದ, ಕಂಬಿ ಕಟ್ಟಿ ಕಾಂಕ್ರೀಟ್ ಸುರಿದ ಆರ್‌ಸಿಸಿ. ಮೇಸ್ತ್ರಿ, "ಜೆಸಿಬಿ ತರ್ಸಿದ್ರೆ ಒಂದೂವರೆ ದಿನ ಮೇಡಂ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರ?" ಅಂದರು. ನಮಗೆ ಹಿಡಿದದ್ದು ಹನ್ನೊಂದು ದಿನ. ಆದರೆ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಡೆಬ್ರಿಸ್ ಕಸ ಆಗೋದು ಬೆರೆತಾಗ. ಬೇರೆ ಬೇರೆ ಇದ್ದರೆ ಅದು ಇಟ್ಟಿಗೆ, ಕಲ್ಲು, ಮರ, ಕಬ್ಬಿಣ. ಎಲ್ಲದಕ್ಕೂ ಗಿರಾಕಿ ಇದ್ದಾರೆ. ಬೆರೆತ ಮೇಲೆ ಕೆರೆಯೇ ಗತಿ, ಇಲ್ಲವೇ ರಾಜಕಾಲುವೆ.

1. ಮೊದಲು ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ

ಪಕ್ಕಾ ಕಟ್ಟಡ ಕೆಡವಿದರೆ ಚದರ ಮೀಟರಿಗೆ 300ರಿಂದ 500 ಕೆಜಿ ಡೆಬ್ರಿಸ್ ಅನ್ನೋದು ನಮ್ಮಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಹತ್ತು ಚದರದ ಮನೆ ಅಂದರೆ ಸಾವಿರ ಚದರಡಿ, ಸುಮಾರು 93 ಚದರ ಮೀಟರ್. ಗುಣಿಸಿದರೆ 28ರಿಂದ 46 ಟನ್. ಟ್ರ್ಯಾಕ್ಟರಿಗೆ ಮೂರು ಟನ್ ಅಂತ ಹಿಡಿದರೂ ಹತ್ತು ಹದಿನೈದು ಲೋಡು. ಬರೀ ರಿಪೇರಿಯಾದರೆ ಚದರ ಮೀಟರಿಗೆ 40–50 ಕೆಜಿ.

ಈ ಲೆಕ್ಕ ಕೈಯಲ್ಲಿದ್ದರೆ ಕಂಟ್ರಾಕ್ಟರ್ ಜೊತೆ ಮಾತಾಡೋದು ಸುಲಭ. "ನಾಲ್ಕೇ ಲೋಡು ಸಾರ್" ಅಂತ ಯಾರಾದರೂ ಅಂದರೆ, ಉಳಿದದ್ದು ಎಲ್ಲಿಗೆ ಹೋಗುತ್ತೆ ಅಂತ ನೀವೇ ಊಹಿಸಬಹುದು.

ಕಾಗದದ ಕೆಲಸವನ್ನೂ ಇದೇ ಹೊತ್ತಿಗೆ ಮುಗಿಸಿ: ಪಾಲಿಕೆಯ ಅನುಮತಿ, ಬೆಸ್ಕಾಂ ಲೈನ್ ಕಟ್, ಜಲಮಂಡಳಿಯ ನೀರು ಮತ್ತು ಒಳಚರಂಡಿ ಪೈಪಿಗೆ ಬಿರಡೆ. ಒಳಚರಂಡಿ ಬಾಯಿ ಮುಚ್ಚದೆ ಒಡೆದರೆ ಗಾರೆಯೆಲ್ಲ ಪೈಪಿನೊಳಗೆ ಇಳಿದು ಬೀದಿಯವರೆಲ್ಲ ನಿಮ್ಮ ಮನೆ ಮುಂದೆ ನಿಲ್ಲುತ್ತಾರೆ.

2. ಒಡೆಯುವ ಮುಂಚೆ ಬಿಚ್ಚಿ

ಮನೆ ಕಟ್ಟಿದ ಕ್ರಮ ಗೊತ್ತಲ್ಲ, ಅದನ್ನು ಉಲ್ಟಾ ಮಾಡಿ. ಕೊನೆಗೆ ಬಂದದ್ದು ಮೊದಲು ಹೋಗಬೇಕು. ವೈರು, ಸ್ವಿಚ್ಚು, ಫ್ಯಾನು, ನಲ್ಲಿ, ಕಮೋಡು, ಸಿಂಕು. ಆಮೇಲೆ ಬಾಗಿಲು, ಕಿಟಕಿ, ಗ್ರಿಲ್ಲು. ಆಮೇಲೆ ನೆಲದ ಕಡಪ ಕಲ್ಲು. ಟ್ಯೂಬ್‌ಲೈಟುಗಳನ್ನು ಒಡೆಯದೆ ಪಕ್ಕಕ್ಕಿಡಿ, ಒಳಗೆ ಪಾದರಸ ಇರುತ್ತೆ.

ಬಾಗಿಲು ಕಿಟಕಿಯನ್ನು ಚೌಕಟ್ಟಿನ ಸಮೇತ ತೆಗೆಸಿ. ಚೌಕಟ್ಟಿನ ಕಾಲು ನೆಲ ಮುಟ್ಟುವ ಕಡೆ ಗೆದ್ದಲು ಹಿಡಿದಿರುತ್ತೆ ಅಂತ ಇಡೀ ಮರ ಬಿಸಾಡಬೇಡಿ. ದೊಡ್ಡಪ್ಪನ ಮನೆಯಲ್ಲಿ ತೇಗದ ಚೌಕಟ್ಟಿನ ಕೆಳಗಿನ ಅರ್ಧ ಅಡಿ ಮಾತ್ರ ಪೊಳ್ಳಾಗಿತ್ತು. ಉಗುರಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಅಷ್ಟನ್ನು ಕುಯ್ದು ಹಾಕಿದ ಮೇಲೆ ಉಳಿದದ್ದು ಹೊಸ ಮನೆಯ ಕಿಟಕಿಗೆ ಬಂತು. ಇಂಥ ಮರ ಮತ್ತು ಕಬ್ಬಿಣ ಜಾಸ್ತಿ ಇರುವ ಮನೆಯಾದರೆ ಕೆಡವುವ ಕಂಟ್ರಾಕ್ಟರ್ ನಿಮಗೇ ದುಡ್ಡು ಕೊಡುತ್ತಾನೆ. ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ಮರ, ಕಬ್ಬಿಣ ತನಗೆ, ಡೆಬ್ರಿಸ್ ನಿಮಗೆ ಅನ್ನುವ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಒಂದು ಎಚ್ಚರಿಕೆ. ಹಿತ್ತಲಿನ ಮಾಡಿಗೆ ಹಳೇ ಸಿಮೆಂಟ್ ಶೀಟ್ ಇದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇದೆ ಅಂತಲೇ ತಿಳಿಯಿರಿ. ಒಡೆದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಬಂದು ಶ್ವಾಸಕೋಶ ಸೇರುತ್ತೆ, ವಾಪಸ್ ಬರಲ್ಲ. ಮೊದಲು ನೀರು ಹಾಕಿ ನೆನೆಸಿ. ಬೋಲ್ಟ್ ಬಿಚ್ಚಿ ಇಡೀ ಶೀಟನ್ನೇ ಇಳಿಸಿ, ಎರಡು ಸುತ್ತು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಕೆಲಸದವರಿಗೆ ಕರ್ಚೀಫ್ ಸಾಲದು, ಒಳ್ಳೇ ಮಾಸ್ಕ್ ಕೊಡಿ. ಈ ಶೀಟು ಡೆಬ್ರಿಸ್ ಲೋಡಿಗೆ ಸೇರಬಾರದು. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಪರವಾನಗಿ ಇರುವವರಿಗೇ ಕೊಡಬೇಕು. ಯಾರಿಗೆ ಪರವಾನಗಿ ಇದೆ ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳಿ.

3. ಇಟ್ಟಿಗೆ ಬಿಡಿಸುವ ಕೆಲಸ

ನಮ್ಮ ಹನ್ನೊಂದು ದಿನದಲ್ಲಿ ಐದು ದಿನ ಇದಕ್ಕೇ ಹೋಯಿತು. ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದೂ ಇದೇ.

ಮದ್ರಾಸ್ ತಾರಸಿ ಅಂದರೆ ಮರದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಡ್ಡಕ್ಕೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹಾಕಿ ಕುಟ್ಟಿರುತ್ತಾರೆ. ಇದನ್ನು ಮೇಲಿನಿಂದಲೇ ಬಿಚ್ಚುತ್ತಾ ಬರಬೇಕು. ಕೆಳಗೆ ಜಂತಿಗಳಿಗೆ ಊರುಗೋಲು ಕೊಟ್ಟು, ಮೇಲೆ ಹಲಗೆ ಹಾಸಿಕೊಂಡೇ ನಿಲ್ಲಬೇಕು. ಕೆಳಗಿನ ಕೋಣೆಯಲ್ಲಿ ಆ ಹೊತ್ತಿಗೆ ಯಾರೂ ಇರಕೂಡದು.

ಗೋಡೆ ಒಡೆಯುವಾಗ ಒಂದು ಗುಟ್ಟು ಗೊತ್ತಿರಲಿ. ಸುಣ್ಣ ಅಥವಾ ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಇಡಿಯಾಗಿ ಬರುತ್ತೆ. ಸಿಮೆಂಟಿನಲ್ಲಿ ಕಟ್ಟಿದ್ದು ಬರಲ್ಲ. ಸಿಮೆಂಟ್ ಗಾರೆ ಇಟ್ಟಿಗೆಗಿಂತ ಗಟ್ಟಿ, ಹಾರೆ ಹಾಕಿದರೆ ಮೊದಲು ಸೀಳೋದು ಇಟ್ಟಿಗೆಯೇ. ನಮ್ಮ ಮುಂದಿನ ಅರ್ಧ ಮನೆಯ ಇಟ್ಟಿಗೆ ಕರಣೆಯ ಬೆನ್ನಲ್ಲಿ ಎರಡೇಟು ತಟ್ಟಿದರೆ ಸಾಕು, ಸುಣ್ಣ ಪೂರ್ತಿ ಕಳಚಿ ಬೀಳುತ್ತಿತ್ತು. ಹಿಂದಿನ ಅರ್ಧದಲ್ಲಿ ಇಡಿಯಾಗಿ ಸಿಕ್ಕಿದ್ದು ಬೆರಳೆಣಿಕೆಯಷ್ಟು. ನಿಮ್ಮ ಮನೆಯ ಗಾರೆ ಯಾವುದು ಅಂತ ಗೊತ್ತಿಲ್ಲವಾ? ಒಂದು ಮೂಲೆಯಲ್ಲಿ ಹತ್ತು ಇಟ್ಟಿಗೆ ಬಿಡಿಸಿ ನೋಡಿ. ಏಳೆಂಟು ಇಡಿಯಾಗಿ ಬಂದರೆ ಕೈಯಲ್ಲೇ ಬಿಚ್ಚಿಸಿ. ಎರಡೋ ಮೂರೋ ಬಂದರೆ ಕೂಲಿ ದಂಡ, ಒಡೆಯುವ ಬ್ರೇಕರ್ ಯಂತ್ರ ಹಚ್ಚಿ.

ಬಿಡಿಸಿದ ಇಟ್ಟಿಗೆ ಪರೀಕ್ಷೆ ಮಾಡೋಕೆ ಲ್ಯಾಬ್ ಏನೂ ಬೇಡ. ಎರಡನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟಿ. ಠಣ್ ಅಂದರೆ ಗೋಡೆಗೆ. ದಬ್ ಅಂದರೆ ತುಂಡು ಮಾಡಿ ಫಿಲ್ಲಿಂಗಿಗೆ. ದೊಡ್ಡಪ್ಪ ಕುರ್ಚಿ ಹಾಕಿಕೊಂಡು ಕೂತು ಇದೊಂದೇ ಕೆಲಸ ಮಾಡಿದರು, ಮೂರು ದಿನ. "ನಮ್ಮಪ್ಪ ಕೂಡ ಹೀಗೇ ಕೂತು ತಟ್ಟಿ ನೋಡ್ತಿದ್ರು ಕಣಮ್ಮ" ಅಂದರು.

ಅವರ ಕಾಲದಲ್ಲಿ ಇಟ್ಟಿಗೆ ಚೂರನ್ನೂ ಬಿಡುತ್ತಿರಲಿಲ್ಲ. ಪುಡಿ ಮಾಡಿ ಸುರ್ಕಿ ಅಂತ ಸುಣ್ಣಕ್ಕೆ ಬೆರೆಸಿ, ಎತ್ತು ಕಟ್ಟಿ ಗಾರೆ ಗಾಣದಲ್ಲಿ ಅರೆಯುತ್ತಿದ್ದರು. ಹಳೇ ದೇವಸ್ಥಾನಗಳ ಹತ್ತಿರ ಆ ಗಾಣದ ಕಲ್ಲಿನ ಚಕ್ರ ಈಗಲೂ ಬಿದ್ದಿರುತ್ತೆ. ನಾವು ರೀಸೈಕ್ಲಿಂಗ್ ಅನ್ನೋದಕ್ಕೆ ಅವರಲ್ಲಿ ಬೇರೆ ಹೆಸರೇ ಇರಲಿಲ್ಲ.

4. ಗುಡ್ಡೆಗಳು ಬೇರೆ ಬೇರೆ

2016ರ ಕೇಂದ್ರ ನಿಯಮ, ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಲ್ಲಿ ತಿಂಗಳಿಗೆ 300 ಟನ್ನಿಗಿಂತ ಜಾಸ್ತಿ ಡೆಬ್ರಿಸ್ ಮಾಡುವವರು ಅದನ್ನು ನಾಲ್ಕು ಭಾಗ ಮಾಡಬೇಕು ಅಂತ ಹೇಳಿತ್ತು: ಕಾಂಕ್ರೀಟು ಒಂದು, ಮಣ್ಣು ಒಂದು, ಕಬ್ಬಿಣ-ಮರ-ಪ್ಲಾಸ್ಟಿಕ್ ಒಂದು, ಇಟ್ಟಿಗೆ-ಗಾರೆ ಒಂದು. ಹನ್ನೊಂದು ದಿನ ಹಿಡಿದು ಬಿಚ್ಚಿದ ನಮ್ಮ ಸಣ್ಣ ಮನೆ ಆ ಲೆಕ್ಕಕ್ಕೆ ಬರಲಿಲ್ಲ. ಆದರೂ ರಸ್ತೆ, ಚರಂಡಿಗೆ ಸುರಿಯಬಾರದು ಅನ್ನೋದು ಎಲ್ಲರಿಗೂ ಒಂದೇ. 2025ರಲ್ಲಿ ಹೊಸ ನಿಯಮ ಬಂದು, 2026ರ ಏಪ್ರಿಲ್ 1ರಿಂದ ಜಾರಿ ಅಂತ ಆಗಿದೆ. ಅದರ ಹೊರೆ ಮುಖ್ಯವಾಗಿ 20 ಸಾವಿರ ಚದರ ಮೀಟರ್ ಮೇಲಿನ ದೊಡ್ಡ ಕಟ್ಟಡಗಳ ಮೇಲೆ.

ನಾವು ಆ ನಾಲ್ಕರ ಜೊತೆ ಐದನೇ ಗುಡ್ಡೆ ಮಾಡಿದೆವು, ಪಿಒಪಿಗೆ (ಪ್ಲಾಸ್ಟರ್ ಆಫ್ ಪ್ಯಾರಿಸ್). ಫಾಲ್ಸ್ ಸೀಲಿಂಗಿನ ಪಿಒಪಿ ಅಂದರೆ ಜಿಪ್ಸಮ್. ಅದು ಕಾಂಕ್ರೀಟ್ ಚೂರಿನ ಜೊತೆ ಸೇರಿದರೆ, ಆ ಚೂರಿನಿಂದ ಮಾಡಿದ ಹೊಸ ಕಾಂಕ್ರೀಟಿನೊಳಗೆ ಸಲ್ಫೇಟ್ ಕೂತು ನಿಧಾನಕ್ಕೆ ಬಿರುಕು ಬಿಡಿಸುತ್ತೆ. ಒಂದು ರೂಮಿನ ಸೀಲಿಂಗ್ ಇಡೀ ಲೋಡನ್ನು ಕೆಡಿಸಬಹುದು.

ಸೈಟು ಚಿಕ್ಕದು, ಇಷ್ಟು ಗುಡ್ಡೆಗೆ ಜಾಗ ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಸಲ ಎಲ್ಲ ಒಡೆದರೆ ಜಾಗ ಇರಲ್ಲ. ಇಂದು ಮರ, ನಾಳೆ ಇಟ್ಟಿಗೆ, ನಾಡಿದ್ದು ಸ್ಲ್ಯಾಬು ಅಂತ ಹೋದರೆ ಒಂದು ಗುಡ್ಡೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತೆ. ಧೂಳಿಗೆ ಹಸಿರು ಪರದೆ, ಬೆಳಿಗ್ಗೆ ಸಂಜೆ ಪೈಪಿನಲ್ಲಿ ನೀರು. ಅಕ್ಕಪಕ್ಕದವರಿಗೆ ಒಂದು ದಿನ ಮುಂಚೆ ಹೇಳಿ, ಅಷ್ಟೇ ಸಾಕು ಅರ್ಧ ಜಗಳ ತಪ್ಪುತ್ತೆ.

5. ಸೈಟಿನಲ್ಲೇ ಮುಗಿಸೋದು

ಹೊರಗೆ ಕಳಿಸದೇ ಇರುವ ಲೋಡಿಗೆ ಬಾಡಿಗೆ ಇಲ್ಲ. ಪಾಯದ ಸೈಜುಗಲ್ಲು ಎಷ್ಟು ವರ್ಷ ಆದರೂ ಕೆಡಲ್ಲ, ಹೊಸ ಪಾಯಕ್ಕೋ ಕಾಂಪೌಂಡಿಗೋ ಹಾಗೇ ಬಳಸಿ. ಕಾಂಕ್ರೀಟ್ ಚೂರು, ಇಟ್ಟಿಗೆ ತುಂಡನ್ನು ಪಾಯದ ಮಟ್ಟದವರೆಗಿನ ಫಿಲ್ಲಿಂಗಿಗೆ ಹಾಕಬಹುದು. ಆದರೆ ಟಿಪ್ಪರಿನಿಂದ ಸುರಿದು ಮೇಲೆ ನೆಲ ಹಾಕಿದರೆ ಎರಡು ಮಳೆಗಾಲದಲ್ಲಿ ನೆಲ ಕುಸಿಯುತ್ತೆ. ಮುಷ್ಟಿಗಿಂತ ದೊಡ್ಡ ತುಂಡು ಬೇಡ. ಆರಾರು ಇಂಚಿನ ಪದರ, ಪ್ರತಿ ಪದರಕ್ಕೂ ಮಣ್ಣು, ನೀರು, ದಿಮ್ಮಸಿನ ಏಟು. ಮರದ ಚೂರು ಒಂದೂ ಸೇರಬಾರದು, ಗೆದ್ದಲಿಗೆ ನೀವೇ ಊಟ ಬಡಿಸಿದ ಹಾಗೆ. ಮೇಲ್ಮಣ್ಣನ್ನು ಚೀಲಕ್ಕೆ ತುಂಬಿಟ್ಟುಕೊಳ್ಳಿ, ಕುಂಡಗಳಿಗಾಗುತ್ತೆ.

ಸ್ಲ್ಯಾಬಿನಿಂದ ಬಂದ ಹಳೇ ಕಂಬಿಯನ್ನು ನೆಟ್ಟಗೆ ಮಾಡಿ ಹೊಸ ಪಿಲ್ಲರಿಗೆ ಹಾಕೋಣ ಅಂತ ನಮ್ಮ ಮೇಸ್ತ್ರಿ ಹೇಳಿದರು. ಬೇಡವೇ ಬೇಡ. ತುಕ್ಕು ತಿಂದು, ಬಗ್ಗಿ, ಮತ್ತೆ ಬಡಿಸಿಕೊಂಡ ಕಂಬಿಯ ಮೇಲೆ ಮನೆ ನಿಲ್ಲಿಸೋದಲ್ಲ. ಗುಜರಿಗೆ ಹಾಕಿ, ಕರಗಿ ಹೊಸ ಕಬ್ಬಿಣವಾಗಿ ಬರಲಿ.

6. ಹೊರಗೆ ಹೋಗುವ ಲೋಡು

ಉಳಿದ ಕಾಂಕ್ರೀಟು, ಗಾರೆ ಹೋಗಬೇಕಾದ್ದು ಡೆಬ್ರಿಸ್ ಅರೆಯುವ ಘಟಕಕ್ಕೆ. ಬೆಂಗಳೂರಿನ ಉತ್ತರಕ್ಕೆ ಚಿಕ್ಕಜಾಲದ ಕಡೆ ಇಂಥದ್ದಿದೆ. ದೆಹಲಿಯ ಬುರಾರಿಯಲ್ಲಿ 2009ರಿಂದ ನಡೆಯುತ್ತಿದೆ. ಅಲ್ಲಿ ಕೈಯಲ್ಲಿ ಒಂದು ಸಲ ಆರಿಸಿ, ಆಯಸ್ಕಾಂತದಿಂದ ಕಬ್ಬಿಣ ಎಳೆದು, ಕ್ರಷರಿಗೆ ಹಾಕಿ, ಜರಡಿ ಹಿಡಿದು, ತೊಳೆಯುತ್ತಾರೆ. ಆ ಕಡೆಯಿಂದ ಜಲ್ಲಿ, ಮರಳು ಬರುತ್ತೆ. ಅದರಿಂದ ಸಾಲಿಡ್ ಬ್ಲಾಕು, ಫುಟ್‌ಪಾತಿನ ಪೇವರು. ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಹೊಸ ಕಟ್ಟಡಕ್ಕೇ ಇಂಥ ಬ್ಲಾಕು ಹಾಕಿದ್ದಾರೆ.

ಗಾಡಿಯವನಿಗೆ ಮೊದಲೇ ಹೇಳಿ: ಘಟಕದ ತೂಕದ ಚೀಟಿ ತಂದರೆ ಮಾತ್ರ ಬಾಡಿಗೆ. ಚೀಟಿ ಇಲ್ಲದಿದ್ದರೆ ದುಡ್ಡಿಲ್ಲ. ದೂರ ಜಾಸ್ತಿ ಅಂತ ಅವನು ಗೊಣಗುತ್ತಾನೆ, ಅದು ನ್ಯಾಯವೇ. ಡೀಸೆಲ್ ಲೆಕ್ಕ ಹಾಕಿ ಜಾಸ್ತಿ ಕೊಡಿ. ಕಡಿಮೆ ರೇಟಿಗೆ ಒಪ್ಪಿಕೊಂಡವನು ಆ ಉಳಿತಾಯ ಎಲ್ಲಿ ಮಾಡುತ್ತಾನೆ ಅಂತ ನನಗೆ ಬಾತುಕೋಳಿ ಹೇಳಿಕೊಟ್ಟಿದೆ.

7. ಕಟ್ಟುವಾಗ ವಾಪಸ್ ಕೊಳ್ಳಿ

ಕಳಿಸಿದ್ದನ್ನು ಯಾರೂ ಕೊಳ್ಳದಿದ್ದರೆ ಘಟಕ ನಡೆಯೋದು ಹೇಗೆ? ಸರ್ಕಾರಿ, ಪಾಲಿಕೆ ಕೆಲಸಗಳಲ್ಲಿ ಶೇ 10–20ರಷ್ಟು ಇಂಥ ವಸ್ತು ಬಳಸಬೇಕು ಅಂತ 2016ರ ನಿಯಮದಲ್ಲೇ ಬರೆದಿತ್ತು. ಮನೆ ಕಟ್ಟುವವರಿಗೂ ದಾರಿ ಇದೆ. ಜಲ್ಲಿ, ಮರಳಿಗಿರುವ ಭಾರತೀಯ ಮಾನಕ ಐಎಸ್ 383:2016 ಪ್ರಕಾರ ಹಳೇ ಕಾಂಕ್ರೀಟ್ ಅರೆದು ಮಾಡಿದ ಜಲ್ಲಿಯನ್ನು ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಶೇ 25ರವರೆಗೆ, ಎಂ25 ಅನ್ನುವ ಗಟ್ಟಿತನದ ದರ್ಜೆಯವರೆಗಿನ ಆರ್‌ಸಿಸಿಯಲ್ಲಿ ಶೇ 20ರವರೆಗೆ ಹಾಕಬಹುದು. ಪಾಯದ ಕೆಳಗಿನ ಬೆಡ್ ಕಾಂಕ್ರೀಟಿಗೆ ಪೂರ್ತಿ ಅದೇ ಆದರೂ ನಡೆಯುತ್ತೆ. ನಾವು ಧೈರ್ಯ ಮಾಡಿದ್ದು ಬೆಡ್ಡಿಗೆ, ಕಾಂಪೌಂಡಿಗೆ, ಅಂಗಳದ ಪೇವರಿಗೆ. ಸ್ಲ್ಯಾಬಿಗೆ ಹಾಕಬೇಕಾದರೆ ಇಂಜಿನಿಯರ್ ಒಪ್ಪಿಗೆ, ಟೆಸ್ಟ್ ರಿಪೋರ್ಟ್ ಎರಡೂ ಇರಲಿ. ಈ ಜಲ್ಲಿಗೆ ಹಳೇ ಗಾರೆ ಅಂಟಿರುವುದರಿಂದ ನೀರು ಜಾಸ್ತಿ ಹೀರುತ್ತೆ. ಹಿಂದಿನ ರಾತ್ರಿಯೇ ನೆನೆಸಿಡಿ. ಇಲ್ಲದಿದ್ದರೆ ಕಾಂಕ್ರೀಟ್ ಬಿಗಿಯಾಯಿತು ಅಂತ ಕೆಲಸದವರು ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ, ಗಟ್ಟಿತನ ಹೋಗುತ್ತೆ.

8. ಕೊನೇ ದಿನ ಚರಂಡಿ ನೋಡಿ

ಲೋಡೆಲ್ಲ ಹೋದ ಮೇಲೆ ರಸ್ತೆ ಗುಡಿಸಿ, ಮನೆ ಮುಂದಿನ ಮಳೆನೀರು ಚರಂಡಿಯ ಚಪ್ಪಡಿ ಎತ್ತಿಸಿ ನೋಡಿ. ಎಷ್ಟೇ ಹುಷಾರಾಗಿದ್ದರೂ ಗಾರೆ ಕೊಚ್ಚಿಕೊಂಡು ಹೋಗಿ ತಳದಲ್ಲಿ ಕೂತಿರುತ್ತೆ. ಒಣಗಿದರೆ ಕಲ್ಲು. ನಮ್ಮ ಮುಂದೆ ಒಂಬತ್ತು ಬಾಂಡ್ಲಿ ಬಂತು. ಅದರಲ್ಲಿ ಐದಾದರೂ ಪಕ್ಕದ ಮನೆಯವರು ಹಿಂದಿನ ವರ್ಷ ಮಹಡಿ ಕಟ್ಟಿಸಿದಾಗಿನದು, ಅವರ ಗ್ರಾನೈಟ್ ಚೂರು ಗುರುತು ಸಿಕ್ಕಿತು. ದೊಡ್ಡಪ್ಪ ಕೇಳೋಕೆ ಹೊರಟಿದ್ದರು. ನಾನು ತಡೆದು ಎಲ್ಲವನ್ನೂ ಕೊನೇ ಟ್ರ್ಯಾಕ್ಟರಿಗೆ ಹಾಕಿಸಿದೆ.