ಸಿಸಿಲಿ ಸುತ್ತುವುದು ಹೇಗೆ: ಕತಾನಿಯಾದಲ್ಲಿ ಇಳಿದು ಪಲೆರ್ಮೊದಿಂದ ಹೊರಡಿ

ಸಿಸಿಲಿಗೆ ಹೊರಟವರ ಮೊದಲ ತಪ್ಪು ವಿಮಾನದ ಟಿಕೆಟಿನಲ್ಲೇ ಆಗಿಹೋಗಿರುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ನಿಲ್ದಾಣವನ್ನು ಆರಿಸಿಕೊಂಡರೆ ಕೊನೆಯ ದಿನವೆಲ್ಲ ನೋಡಿದ ದಾರಿಯಲ್ಲೇ ಹಿಂದಿರುಗುವುದರಲ್ಲಿ ಕಳೆಯುತ್ತದೆ. ಇಟಲಿಗೆ ಸೇರಿದ, ಮೆಡಿಟರೇನಿಯನ್ ಸಮುದ್ರದ ಈ ಅತಿದೊಡ್ಡ ದ್ವೀಪದ ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರ್. ಪೂರ್ವ ಕರಾವಳಿಯ ಕತಾನಿಯಾಕ್ಕೂ ವಾಯವ್ಯದ ಪಲೆರ್ಮೊಗೂ ರಸ್ತೆಯಲ್ಲಿ ಹತ್ತಿರಹತ್ತಿರ 200 ಕಿಲೋಮೀಟರ್ ಅಂತರವಿದೆ. ಆದ್ದರಿಂದ ಟಿಕೆಟ್ ಹುಡುಕುವಾಗ ‘ಮಲ್ಟಿ ಸಿಟಿ’ ಆಯ್ಕೆಯನ್ನು ಒತ್ತಿ, ಕತಾನಿಯಾದಲ್ಲಿ ಇಳಿದು ಪಲೆರ್ಮೊದಿಂದ ಹೊರಡುವಂತೆ ಯೋಜಿಸಿಕೊಳ್ಳುವುದು ಜಾಣತನ. ಈ ಕ್ರಮ ತಿರುವುಮುರುವಾಗಬಾರದೇಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕು. ಹೆಚ್ಚಿನ ರಾತ್ರಿಗಳನ್ನು ಇಟಲಿಯಲ್ಲೇ ಕಳೆಯುವುದಾದರೆ ಇಟಲಿಯ ಮೂಲಕವೇ ಅರ್ಜಿ ಸಲ್ಲಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅದಕ್ಕೆ ಅವಕಾಶವಿದೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕಾರು ಓಡಿಸುವ ಯೋಚನೆಯಿದ್ದರೆ ಊರು ಬಿಡುವ ಮೊದಲೇ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಪಡೆದಿರಬೇಕು.

ಈಗಾಗಲೇ ರೋಮ್ ಅಥವಾ ನೇಪಲ್ಸ್‌ನಲ್ಲಿರುವವರು ವಿಮಾನವನ್ನು ಬಿಟ್ಟು ರೈಲು ಹತ್ತಬೇಕೆಂಬುದು ನನ್ನ ಹಟ. ಇಟಲಿಯ ಮುಖ್ಯಭೂಮಿಗೂ ಸಿಸಿಲಿಗೂ ನಡುವಿನ ಮೆಸ್ಸೀನಾ ಜಲಸಂಧಿ ಅದರ ಅತ್ಯಂತ ಕಿರಿದಾದ ಕಡೆ ಮೂರು ಕಿಲೋಮೀಟರಿನಷ್ಟು ಮಾತ್ರ ಅಗಲವಿದ್ದರೂ, ಸೇತುವೆಯ ಮಾತು ದಶಕಗಳಿಂದ ಮಾತಾಗಿಯೇ ಉಳಿದಿರುವುದರಿಂದ, ಇಂಟರ್‌ಸಿಟಿ ರೈಲು ಇಲ್ಲಿ ಹಡಗನ್ನೇರುತ್ತದೆ. ವಿಲ್ಲಾ ಸಾನ್ ಜೊವಾನ್ನಿ ಎಂಬ ನಿಲ್ದಾಣದಲ್ಲಿ ರೈಲನ್ನು ತುಂಡುಮಾಡಿ, ಬೋಗಿಗಳನ್ನು ಹಿಂದುಮುಂದಾಗಿ ತಳ್ಳುತ್ತ ಹಡಗಿನ ಹೊಟ್ಟೆಯೊಳಗಿನ ಹಳಿಗಳ ಮೇಲೆ ನಿಲ್ಲಿಸುತ್ತಾರೆ. ಕಿಟಕಿಯಾಚೆ ಕಬ್ಬಿಣದ ಗೋಡೆಯೊಂದೇ ಕಾಣತೊಡಗಿದಾಗ ಇಳಿದು ಮೆಟ್ಟಿಲೇರಿ ಡೆಕ್ಕಿಗೆ ಹೋಗಿರಿ. ಬಂದರಿನ ಬಾಯಲ್ಲಿ ಎತ್ತರದ ಕಂಬದ ಮೇಲೆ ನಿಂತ ಚಿನ್ನದ ಬಣ್ಣದ ಮೇರಿಯ ಪ್ರತಿಮೆ ಕಂಡಿತೆಂದರೆ ಮೆಸ್ಸೀನಾ ಬಂತೆಂದು ಅರ್ಥ. ಮೇಲಿನ ಕ್ಯಾಂಟೀನಿನಲ್ಲಿ ಅರಾಂಚೀನಿ ಎಂಬ ಕರಿದ ಅನ್ನದ ಉಂಡೆ ಸಿಗುತ್ತದೆ. ಒಳಗೆ ಮಾಂಸವಿರುವುದೇ ಹೆಚ್ಚು, ಸಸ್ಯಾಹಾರಿಗಳು ಕೇಳಿಯೇ ಕೊಳ್ಳಬೇಕು. ಬಿಚ್ಚುವುದು, ದಾಟುವುದು, ಮತ್ತೆ ಜೋಡಿಸುವುದು ಎಲ್ಲ ಸೇರಿ ಎರಡು ಗಂಟೆಯಾದರೂ ಆಗಬಹುದು. ಅವಸರವಿದ್ದವರಿಗೆ ಇದು ದಾರಿಯಲ್ಲ.

ದ್ವೀಪದೊಳಗೆ ಓಡಾಡುವಾಗ ಪೂರ್ವಕ್ಕೆ ಒಂದು ನಿಯಮ, ಪಶ್ಚಿಮಕ್ಕೆ ಇನ್ನೊಂದು. ಪೂರ್ವ ಕರಾವಳಿಯಲ್ಲಿ ಕಾರು ಬರಿಯ ಹೊರೆ. ಕತಾನಿಯಾದಲ್ಲಿ ನಾಲ್ಕು ರಾತ್ರಿ ತಂಗಿದರೆ ಸಿರಾಕೂಸಾಕ್ಕೆ ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ತಾವೊರ್ಮೀನಾಕ್ಕೂ ರೈಲಿದೆ, ಆದರೆ ನಿಲ್ದಾಣ ಸಮುದ್ರದಂಚಿನಲ್ಲಿದ್ದು ಊರು ಸುಮಾರು 200 ಮೀಟರ್ ಎತ್ತರದ ಗುಡ್ಡದ ಮೇಲಿರುವುದರಿಂದ ಕೆಳಗಿನಿಂದ ಬಸ್ಸು ಹಿಡಿಯಬೇಕು. ಎಟ್ನಾ ಜ್ವಾಲಾಮುಖಿಗೆ ಹೋಗುವ ಬಸ್ಸು ಬೆಳಗ್ಗೆ ಕತಾನಿಯಾ ರೈಲು ನಿಲ್ದಾಣದ ಎದುರಿನಿಂದ ಹೊರಟು 1,900 ಮೀಟರ್ ಎತ್ತರದ ರಿಫೂಜಿಯೊ ಸಾಪಿಯೆಂಜಾದಲ್ಲಿ ಇಳಿಸುತ್ತದೆ. ಅಲ್ಲಿಂದ 2,500 ಮೀಟರಿನವರೆಗೆ ಕೇಬಲ್ ಕಾರಿದೆ. ಮರಳುವ ಬಸ್ಸು ಸಂಜೆ ಒಂದೇ ಇರುತ್ತದೆಂಬ ಎಣಿಕೆಯಲ್ಲೇ ಕೆಳಗಿಳಿಯಿರಿ. ಕಾಗದದ ರೈಲು ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ, ಹಣ ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದೂ ದಂಡ ತೆರಬೇಕಾಗುತ್ತದೆ. ನಗರ ಬಸ್ಸಿನ ಟಿಕೆಟ್ ‘ಟಿ’ ಅಕ್ಷರದ ಫಲಕವಿರುವ ತಂಬಾಕಿನ ಅಂಗಡಿಗಳಲ್ಲಿ ಸಿಗುತ್ತದೆ. ಭಾನುವಾರ ಬಸ್ಸುಗಳು ಬಹಳ ಕಡಿಮೆ, ಆ ದಿನವನ್ನು ಊರೊಳಗಿನ ತಿರುಗಾಟಕ್ಕೆ ಮೀಸಲಿಡಿ.

ಐದನೆಯ ದಿನ ಬಸ್ಸಿನಲ್ಲಿ ದಕ್ಷಿಣದ ಅಗ್ರಿಜೆಂಟೊಗೆ ಹೋಗಿ, ಗ್ರೀಕ್ ದೇವಾಲಯಗಳ ಕಣಿವೆಯನ್ನು ಬಿಸಿಲಿಳಿದ ಮೇಲೆ ನೋಡಿ, ಮರುದಿನ ಪಲೆರ್ಮೊ ರೈಲು ಹತ್ತಬಹುದು. ಕಾರು ಬಾಡಿಗೆಗೆ ಪಡೆಯುವುದಾದರೆ ಪಲೆರ್ಮೊದಲ್ಲಿ, ಅದೂ ನಗರ ಬಿಡುವ ದಿನವೇ ಪಡೆಯಿರಿ. ಸೆಜೆಸ್ತಾ, ಸೆಲಿನುಂಟೆಗಳಂಥ ಪಶ್ಚಿಮದ ಪುರಾತನ ತಾಣಗಳಿಗೆ ಬಸ್ಸು ನಂಬಿ ಹೊರಟವರ ಅರ್ಧ ದಿನ ಕಾಯುವುದರಲ್ಲೇ ಹೋಗುತ್ತದೆ. ಅಲ್ಲಿ ವಾಹನಗಳು ಬಲಕ್ಕೆ ಚಲಿಸುತ್ತವೆ, ಸ್ಟಿಯರಿಂಗ್ ಎಡಕ್ಕಿರುತ್ತದೆ. ಅದು ಒಂದೆರಡು ಗಂಟೆಯಲ್ಲಿ ರೂಢಿಯಾದೀತು. ರೂಢಿಯಾಗದಿರುವುದು ‘ಜೆಡ್‌ಟಿಎಲ್’ ಎಂಬ ನಿರ್ಬಂಧಿತ ವಲಯ. ಹಳೆಯ ಪೇಟೆಗಳ ಬಾಯಲ್ಲಿ ನೆಟ್ಟ ಕ್ಯಾಮೆರಾ ನಿಮ್ಮ ನಂಬರ್ ಪ್ಲೇಟನ್ನು ಸದ್ದಿಲ್ಲದೆ ಹಿಡಿಯುತ್ತದೆ, ದಂಡದ ಪತ್ರ ತಿಂಗಳುಗಳಾದ ಮೇಲೆ ಮನೆಗೆ ಬರುತ್ತದೆ. ನಿಲುಗಡೆಯಲ್ಲಿ ಬಿಳಿ ಗೆರೆಯೊಳಗೆ ಉಚಿತ, ನೀಲಿಗೆ ಶುಲ್ಕ, ಹಳದಿಯನ್ನು ಮುಟ್ಟಬೇಡಿ.

ಏಪ್ರಿಲ್, ಮೇ ಅಥವಾ ಅಕ್ಟೋಬರ್ ಒಳ್ಳೆಯ ಕಾಲ. 2021ರ ಆಗಸ್ಟ್ 11ರಂದು ಸಿರಾಕೂಸಾ ಬಳಿ 48.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು, ಯುರೋಪಿನಲ್ಲಿ ಅದೇ ದಾಖಲೆ. ಮೇಲಾಗಿ ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಇಡೀ ಇಟಲಿಯೇ ಕಡಲ ತೀರಕ್ಕೆ ಬಂದಿರುತ್ತದೆ.

ಇನ್ನು, ಕ್ರಮವೇಕೆ ತಿರುವುಮುರುವಾಗಬಾರದು ಎಂಬ ಪ್ರಶ್ನೆ. ಎಟ್ನಾ ಬೂದಿ ಉಗುಳಿದಾಗ ಅದರ ಬುಡದಲ್ಲಿರುವ ಕತಾನಿಯಾ ವಿಮಾನ ನಿಲ್ದಾಣವನ್ನು ಕೆಲವೊಮ್ಮೆ ಮುಚ್ಚುತ್ತಾರೆ. ಬರುವಾಗ ಹಾಗಾದರೆ ವಿಮಾನ ದ್ವೀಪದ ಬೇರೊಂದು ನಿಲ್ದಾಣದಲ್ಲಿ ಇಳಿಯಬಹುದು, ಒಂದು ದಿನ ವ್ಯರ್ಥವಾದರೂ ಪ್ರವಾಸ ಉಳಿಯುತ್ತದೆ. ಹೊರಡುವಾಗ ಹಾಗಾದರೆ ಮುಂದಿನ ಬೆಂಗಳೂರು ವಿಮಾನವೇ ಕೈತಪ್ಪುತ್ತದೆ. ಪಲೆರ್ಮೊದ ನಿಲ್ದಾಣ ನಗರದಿಂದ ಪಶ್ಚಿಮಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಬೂದಿಯ ಹಾದಿಯಿಂದ ಸಾಕಷ್ಟು ಆಚೆಗಿದೆ. ನಗರದ ಮುಖ್ಯ ನಿಲ್ದಾಣದಿಂದ ಅಲ್ಲಿಗೆ ನೇರ ರೈಲಿದೆ.