ಹಾಡಿನ ತರಗತಿಯಿಂದ ಬ್ಯಾಂಡಿನ ಸಾಲಿಗೆ: ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಹಾಡನ್ನೂ ಆರನೆಯ ತರಗತಿಯಿಂದ ಬ್ಯಾಂಡನ್ನೂ ಕಲಿಸುತ್ತೇನೆ. ಮೊದಲ ವರ್ಷ ಇವೆರಡನ್ನೂ ಬೇರೆ ಬೇರೆ ವಿಷಯಗಳೆಂದೇ ತಿಳಿದಿದ್ದೆ. ನಲಿಕಲಿಯ ದಿನಗಳಿಂದ ಚಪ್ಪಾಳೆ ತಟ್ಟಿ ಹಾಡಿಕೊಂಡು ಬಂದ ಮಕ್ಕಳ ಕೈಗೆ ಜೂನ್ ತಿಂಗಳಲ್ಲೇ ಡ್ರಮ್ಮಿನ ಕೋಲು ಕೊಟ್ಟು, ‘ಬಲ-ಬಲ, ಎಡ-ಎಡ’ ಎಂದು ಎಣಿಸಲು ಹಚ್ಚಿದೆ. ಹಾಡುವಾಗ ಲಯ ತಪ್ಪದಿದ್ದವರೇ ಸಾಲಿನಲ್ಲಿ ಹೆಜ್ಜೆ ತಪ್ಪಿದರು. ಆಗಸ್ಟ್ 15ರಂದು ನಮ್ಮ ಡ್ರಮ್ಮುಗಳು ನಡೆಯುವವರನ್ನು ಹಿಂದೆ ಬಿಟ್ಟು ಓಡಿದವು. ತಪ್ಪು ನನ್ನದೇ ಆಗಿತ್ತು.

ಮರುವರ್ಷ ಜೂನ್ ಪೂರ್ತಿ ಡ್ರಮ್ ಮುಟ್ಟಿಸಲಿಲ್ಲ. ಬಲಗೈಗೆ ‘ತ’, ಎಡಗೈಗೆ ‘ಕ’ ಎಂದು ಬಾಯಲ್ಲಿ ಹೇಳಿಸಿ, ಅದನ್ನೇ ತೊಡೆಯ ಮೇಲೆ, ಆಮೇಲೆ ಹಳೆಯ ಸೈಕಲ್ ಟ್ಯೂಬ್ ಬಿಗಿದ ಮರದ ತುಂಡಿನ ಮೇಲೆ ಬಾರಿಸಿದೆವು. ‘ತತಕಕ’ ಎಂಬುದನ್ನೇ ಬಿಗಿಯಾಗಿ, ವೇಗವಾಗಿ ಬಾರಿಸಿದರೆ ಬ್ಯಾಂಡಿನವರು ಡ್ಯಾಡಿ-ಮಮ್ಮಿ ಎಂದು ಕರೆಯುವ ರೋಲ್, ಅಂದರೆ ಬಿಡುವಿಲ್ಲದ ಡ್ರಮ್ಮಿನ ಮೊರೆತ, ಆಗುತ್ತದೆ. ಒಬ್ಬ ಹುಡುಗಿ, “ಸರ್ರೀ, ಇದು ಅಲಾಯಿ ಹಬ್ಬಕ್ಕ ಹಲಗಿ ಬಡದಂಗ ಐತ್ರೀ” ಎಂದಳು. ಮೊಹರಮ್ಮಿನ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕಿ ಬೆಳೆದವರಿಗೆ ನಾನು ಎಣಿಕೆ ಹೇಳಿಕೊಡಲು ಹೊರಟಿದ್ದೆ!

ತಾಳದ ಆಯ್ಕೆಯಲ್ಲಿಯೂ ಪಾಠ ಕಲಿತೆ. ಮಾತ್ರೆ ಎಂದರೆ ತಾಳದ ಒಂದು ಎಣಿಕೆ. ಎರಡು ಮಾತ್ರೆಗೊಂದು ಹೆಜ್ಜೆಯಂತೆ ನಡೆದರೆ ಕೆಹರ್ವಾ ತಾಳದ ಎಂಟು ಮಾತ್ರೆಗಳಲ್ಲಿ ನಾಲ್ಕು ಹೆಜ್ಜೆಗಳಾಗುವುದರಿಂದ ಸಮ್, ಅಂದರೆ ತಾಳದ ಮೊದಲ ಮಾತ್ರೆ, ಪ್ರತಿ ಸಲವೂ ಎಡಗಾಲಿಗೇ ಬೀಳುತ್ತದೆ. ಆರು ಮಾತ್ರೆಗಳ ದಾದ್ರಾಕ್ಕೆ ಹಾಗೆಯೇ ನಡೆದರೆ ಮೂರೇ ಹೆಜ್ಜೆ. ಸಮ್ ಒಮ್ಮೆ ಎಡಗಾಲಿಗೆ, ಮರುಸಲ ಬಲಗಾಲಿಗೆ ಬಂದು ಸಾಲು ಕೆಡುತ್ತದೆ. ಮೂರು ಮಾತ್ರೆಗೊಂದು ಹೆಜ್ಜೆ ಹಾಕಿಸಿದರೆ ಅದೂ ಸರಿಹೋಗುತ್ತದೆ. ಈಗ ಐದನೆಯ ತರಗತಿಯಲ್ಲಿ ಹಾಡು ಕಲಿಸುವಾಗಲೇ ಮಕ್ಕಳನ್ನು ಅಂಗಳದಲ್ಲಿ ನಡೆಸುತ್ತೇನೆ; ನಿಮಿಷಕ್ಕೆ 120 ಹೆಜ್ಜೆಗಳ ಕವಾಯತಿನ ನಡಿಗೆಗೆ ಆತುರಪಡದೆ, 90ರ ಸುತ್ತ ಆರಂಭಿಸುತ್ತೇನೆ.

ಬ್ಯೂಗಲ್ಲಿನದು ಬೇರೆಯೇ ಕಥೆ. ಅದಕ್ಕೆ ತೂತುಗಳೂ ಇಲ್ಲ, ಒತ್ತುಗುಂಡಿಗಳೂ ಇಲ್ಲ. ತುಟಿಯ ಬಿಗಿ ಮತ್ತು ಉಸಿರಿನಿಂದ ಹೊರಡುವ ಸ್ವರಗಳಲ್ಲಿ ನಾವು ಬಳಸುವುದು ಸ, ಪ, ಮೇಲಿನ ಸ, ಗ, ಪ ಎಂಬ ಐದನ್ನು ಮಾತ್ರ. ಬೆರಳು ತೋರಿಸಿ ಕಲಿಸುವ ಉಪಾಯವೇ ಇಲ್ಲದ ಈ ವಾದ್ಯದಲ್ಲಿ, ಸ್ವರ ಮೊದಲು ಮನಸ್ಸಿನಲ್ಲಿ ಕೇಳದಿದ್ದರೆ ತುಟಿಗೆ ದಾರಿ ತಿಳಿಯದು. ನಮ್ಮ ಬ್ಯೂಗಲ್ಲಿನ ಷಡ್ಜ (ಸ) ಹಾರ್ಮೋನಿಯಂನ ಕಪ್ಪು 5ಕ್ಕೆ, ಅಂದರೆ ಐದನೆಯ ಕಪ್ಪು ಮನೆಗೆ, ಹೊಂದುತ್ತದೆ. ಆದ್ದರಿಂದ ಹಾಡಿನ ತರಗತಿಯ ಶ್ರುತಿಯನ್ನೇ ಅಲ್ಲಿಗೆ ಸರಿಸಿ, ಶ್ರುತಿಪೆಟ್ಟಿಗೆಯ ಸ-ಪ-ಸ ಜೊತೆಗೆ ಈ ಐದು ಸ್ವರಗಳನ್ನು ವರ್ಷವಿಡೀ ಹಾಡಿಸಿದೆ. ಊದುವ ಮೊದಲು ಹಾಡಬೇಕು, ಹಾಡಿದ್ದನ್ನೇ ಊದಬೇಕು ಎಂಬುದೊಂದೇ ನಿಯಮ. ಕೆನ್ನೆ ಉಬ್ಬಿಸುವ ಚಟ ಮಾತ್ರ ಇದರಿಂದ ಹೋಗಲಿಲ್ಲ. ಅದಕ್ಕೆ ಕನ್ನಡಿಯೇ ಬೇಕಾಯಿತು.

ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಪೂರ್ತಿ ಬಾರದ ಮಕ್ಕಳಿಗೆ ಬ್ಯೂಗಲ್ ಕೊಡುವುದಿಲ್ಲ; ಅಲ್ಲಿಯವರೆಗೆ ಅವರು ಝಾಂಜ್ (ದೊಡ್ಡ ತಾಳ) ಹಿಡಿಯುತ್ತಾರೆ. ಜೂನ್‌ನಿಂದ ಆಗಸ್ಟ್ 15ರವರೆಗೆ ಸಿಗುವ ಹತ್ತು ವಾರಗಳು ತುಟಿ ಪಳಗಲು ಸಾಲವು. ಹೀಗಾಗಿ ಸ್ವಾತಂತ್ರ್ಯ ದಿನಕ್ಕೆ ಡ್ರಮ್ಮುಗಳಷ್ಟೇ ಹೊರಡುತ್ತವೆ. ಬ್ಯೂಗಲ್ಲಿನವರು ಅಂದು ಸಾಲಿನಲ್ಲಿ ತಮ್ಮ ಸ್ವರಗಳನ್ನು ಹಾಡುತ್ತ ನಡೆಯುತ್ತಾರೆ; ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಊದುತ್ತಾರೆ.