ಇಂಗ್ಲೆಂಡಿನಲ್ಲಿ ಖಿನ್ನತೆಗೆ ಚಿಕಿತ್ಸೆ: ಯಾವ ತೊಂದರೆಗೆ ಯಾವ ಬಾಗಿಲು

ಖಿನ್ನತೆ ಇರಬಹುದೆಂಬ ಅನುಮಾನ ಬಂದೊಡನೆ ಇಲ್ಲಿರುವ ನಮ್ಮವರಲ್ಲಿ ಅನೇಕರು ನೇರವಾಗಿ ಮನೋವೈದ್ಯರನ್ನು ಹುಡುಕತೊಡಗುತ್ತಾರೆ. ಎನ್‌ಎಚ್‌ಎಸ್‌ ಎಂಬ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಅದು ಸಾಗುವುದಿಲ್ಲ. ಮನೋವೈದ್ಯರ ಬಳಿಗೆ ಸಾಮಾನ್ಯವಾಗಿ ಜಿಪಿ, ಅಂದರೆ ನೀವು ನೋಂದಾಯಿಸಿಕೊಂಡ ಸ್ಥಳೀಯ ಸಾಮಾನ್ಯ ವೈದ್ಯರೇ, ಕಳುಹಿಸಬೇಕು. ಮಾತಿನ ಚಿಕಿತ್ಸೆಗಾದರೆ ಯಾರ ಶಿಫಾರಸೂ ಬೇಡ, ನೀವೇ ಹೆಸರು ಕೊಡಬಹುದು. ಖಿನ್ನತೆಯಲ್ಲಿ ಹಲವು ಬಗೆಗಳಿವೆ, ಬಗೆ ಬದಲಾದಂತೆ ತಟ್ಟಬೇಕಾದ ಬಾಗಿಲೂ ಬದಲಾಗುತ್ತದೆ. ಇದು ಗೊತ್ತಿಲ್ಲದೆ ತಪ್ಪು ಸಾಲಿನಲ್ಲಿ ತಿಂಗಳುಗಟ್ಟಲೆ ಕಾಯುವವರನ್ನು ಕಂಡರೆ ಸಂಕಟವಾಗುತ್ತದೆ.

ಮೊದಲ ಬಾಗಿಲು ಜಿಪಿ. ನೋಂದಣಿಗೆ ವಿಳಾಸದ ದಾಖಲೆಯನ್ನಾಗಲಿ ವೀಸಾವನ್ನಾಗಲಿ ತೋರಿಸಲೇಬೇಕೆಂಬ ನಿಯಮವಿಲ್ಲ. ವೀಸಾ ಅರ್ಜಿಯೊಂದಿಗೆ ನೀವು ಕಟ್ಟಿದ ಆರೋಗ್ಯ ಸರ್‌ಚಾರ್ಜ್ ಮಾನಸಿಕ ಆರೋಗ್ಯದ ಚಿಕಿತ್ಸೆಗೂ ಅನ್ವಯಿಸುತ್ತದೆ. ಭೇಟಿಗೆ ಸಿಗುವುದು ಸುಮಾರು 10 ನಿಮಿಷ. ತಲೆನೋವು, ಸುಸ್ತು, ಎದೆಭಾರ ಎಂದು ಆರಂಭಿಸಿ ಕೊನೆಯ ನಿಮಿಷದಲ್ಲಿ ಮನಸ್ಸಿನ ಮಾತಿಗೆ ಬಂದರೆ ಸಮಯ ಮುಗಿದಿರುತ್ತದೆ. ಆದ್ದರಿಂದ ಮೊದಲ ವಾಕ್ಯದಲ್ಲೇ ಹೇಳಿಬಿಡಿ: ಇಷ್ಟು ವಾರಗಳಿಂದ ಮನಸ್ಸು ಕುಗ್ಗಿದೆ, ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಕೆಟ್ಟಿದೆ, ಕೆಲಸ ಸಾಗುತ್ತಿಲ್ಲ. ಬಾಯಿ ಕಟ್ಟಿದಂತಾದರೆ ಬರೆದುಕೊಂಡು ಹೋಗಿ, ಆ ಚೀಟಿಯನ್ನೇ ವೈದ್ಯರ ಕೈಗೆ ಕೊಡಿ.

ಬಹುಪಾಲು ಕಡೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ತುಂಬಿಸುತ್ತಾರೆ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆಗಳು, ಒಟ್ಟು 27 ಅಂಕ. ಬದುಕುವುದೇ ಬೇಡವೆನಿಸಿದೆಯೇ, ತಮಗೆ ತಾವೇ ನೋವು ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು ಒಂಬತ್ತನೆಯದು. ಹೆದರಿ ಅಲ್ಲಿ ಸೊನ್ನೆ ಬರೆಯಬೇಡಿ. ನಿಮ್ಮ ಸುರಕ್ಷತೆಗೆ ಏನು ಬೇಕು, ಎಷ್ಟು ಬೇಗ ಬೇಕು ಎಂಬುದನ್ನು ಅಳೆಯುವುದಕ್ಕಾಗಿಯೇ ಆ ಪ್ರಶ್ನೆ ಇದೆ. ಥೈರಾಯ್ಡ್, ಬಿ12 ಮುಂತಾದ ರಕ್ತ ಪರೀಕ್ಷೆಗೆ ಬರೆದುಕೊಟ್ಟರೆ ನಿಮ್ಮ ಮಾತನ್ನು ನಂಬಲಿಲ್ಲವೆಂದು ತಿಳಿಯಬೇಡಿ. ಆ ಕೊರತೆಗಳಿಂದಲೂ ಇಂಥದೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಹೇಳುವುದು ಕಷ್ಟವಾದರೆ ಭೇಟಿ ಗೊತ್ತುಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ಹಣ ಕೊಡಬೇಕಿಲ್ಲ. ಮಕ್ಕಳನ್ನಂತೂ ದುಭಾಷಿಯಾಗಿ ಕೂರಿಸಬೇಡಿ. ತಂದೆತಾಯಿಯ ಸಾವಿನ ಯೋಚನೆಗಳನ್ನು ಮಗು ಅನುವಾದಿಸುವಂತಾಗಬಾರದು.

2022ರಲ್ಲಿ ಹೊರಬಂದ ನೈಸ್ (ಚಿಕಿತ್ಸೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ) ಮಾರ್ಗಸೂಚಿ ಖಿನ್ನತೆಯನ್ನು ಕಡಿಮೆ ತೀವ್ರ, ಹೆಚ್ಚು ತೀವ್ರ ಎಂದು ಎರಡಾಗಿ ನೋಡುತ್ತದೆ. ಪಿಎಚ್‌ಕ್ಯೂ-9ರಲ್ಲಿ ಸುಮಾರು 16 ಅಂಕ ಇವೆರಡರ ನಡುವಿನ ಗಡಿ. ಕಡಿಮೆ ತೀವ್ರತೆ ಇದ್ದವರಿಗೆ, ಅವರಾಗಿಯೇ ಬಯಸದ ಹೊರತು, ಮೊದಲೇ ಮಾತ್ರೆ ಕೊಡುವುದಿಲ್ಲ. ಎನ್‌ಎಚ್‌ಎಸ್‌ ಟಾಕಿಂಗ್ ಥೆರಪೀಸ್ ಎಂಬ ಮಾತಿನ ಚಿಕಿತ್ಸೆಯ ಸೇವೆಗೆ ನೀವೇ ಅಂತರ್ಜಾಲದಲ್ಲಿ ಅರ್ಜಿ ಹಾಕಬಹುದು. ನೂರಕ್ಕೆ 75 ಮಂದಿಗೆ ಆರು ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬುದು ಅದರ ಗುರಿ. ಆದರೆ ಮೊದಲ ಭೇಟಿಗೂ ಎರಡನೆಯದಕ್ಕೂ ನಡುವೆ ಮತ್ತೆ ಕಾಯಬೇಕಾಗಬಹುದು. ಆರಂಭದಲ್ಲಿ ಸಿಗುವುದು ಹಲವೊಮ್ಮೆ ಮಾರ್ಗದರ್ಶನದೊಂದಿಗೆ ನೀವೇ ಮಾಡುವ ಅಭ್ಯಾಸಗಳು ಅಥವಾ ಗುಂಪಿನ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ). ಕಡಿಮೆ ತೀವ್ರತೆಗೆ ಇದು ಪ್ರಯೋಜನಕಾರಿಯೇ. ಹಗುರವಾಗಿ ಕಂಡಿತೆಂದು ಅರ್ಧಕ್ಕೆ ಬಿಡಬೇಡಿ. ಸುಧಾರಣೆ ಕಾಣದಿದ್ದರೆ ಮಾತ್ರ ಸುಮ್ಮನಿರದೆ, ಒಬ್ಬರೊಂದಿಗೇ ನಡೆಯುವ ಚಿಕಿತ್ಸೆ ಬೇಕೆಂದು ಕೇಳಿ. ಇಲ್ಲಿ ಕೇಳದವರು ಹಿಂದೆ ಉಳಿಯುತ್ತಾರೆ.

ತೀವ್ರತೆ ಹೆಚ್ಚಿದ್ದರೆ ಸಿಬಿಟಿ ಮತ್ತು ಮಾತ್ರೆ ಎರಡನ್ನೂ ಒಟ್ಟಿಗೆ ಸೂಚಿಸುವುದುಂಟು. ಸಾಮಾನ್ಯವಾಗಿ ಮೊದಲು ಸರ್ಟ್ರಲೀನ್‌ನಂಥ ಎಸ್‌ಎಸ್‌ಆರ್‌ಐ ಎಂಬ ಖಿನ್ನತೆ ನಿವಾರಕ ಗುಂಪಿನ ಮಾತ್ರೆ. ಪರಿಣಾಮ ಕಾಣಲು ಸುಮಾರು ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆಯೋ ತಳಮಳವೋ ಹೆಚ್ಚಬಹುದು. 25ರೊಳಗಿನವರನ್ನು ಮತ್ತು ಆತ್ಮಹತ್ಯೆಯ ಯೋಚನೆ ಇರುವವರನ್ನು ಒಂದು ವಾರದಲ್ಲೇ ಮತ್ತೆ ನೋಡಬೇಕೆಂದು ಮಾರ್ಗಸೂಚಿ ಹೇಳುತ್ತದೆ, ಕರೆ ಬಾರದಿದ್ದರೆ ನೀವೇ ಕರೆ ಮಾಡಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಬಿಡುವಾಗ ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕು. 2025ರಲ್ಲಿ ಇಂಗ್ಲೆಂಡಿನ ಔಷಧಿ ಶುಲ್ಕ ಪ್ರತಿ ಔಷಧಿಗೆ 9 ಪೌಂಡ್ 90 ಪೆನ್ಸ್. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಈ ಶುಲ್ಕವಿಲ್ಲ. ಭಾರತದಿಂದ ತಂದ ಮಾತ್ರೆ ನುಂಗುತ್ತಿದ್ದರೆ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನೂ ಪ್ರಮಾಣವನ್ನೂ ಜಿಪಿಗೆ ತಿಳಿಸಿ.

ಹಿಂದೆ ಎಂದಾದರೂ ಹಲವು ದಿನ ನಿದ್ದೆಯೇ ಬೇಡವೆನಿಸಿ, ಮಿತಿಮೀರಿದ ಉತ್ಸಾಹದಲ್ಲಿ ಮಾತು, ಖರ್ಚು ಎಲ್ಲ ಹತೋಟಿ ತಪ್ಪಿತ್ತೇ? ಅದನ್ನು ಹೇಳದೆ ಬಿಡಬೇಡಿ. ಈಗಿನ ಕುಗ್ಗುವಿಕೆ ಬೈಪೋಲಾರ್ (ಉನ್ಮಾದವೂ ಖಿನ್ನತೆಯೂ ಬಂದುಹೋಗುವ) ಕಾಯಿಲೆಯ ಖಿನ್ನತೆಯ ಮುಖವಾಗಿದ್ದರೆ ಖಿನ್ನತೆಯ ಮಾತ್ರೆಯೊಂದೇ ಉನ್ಮಾದವನ್ನು ಕೆರಳಿಸಬಹುದು. ಅಂಥವರನ್ನು ಜಿಪಿ ಮನೋವೈದ್ಯರಿರುವ ಸಮುದಾಯ ಮಾನಸಿಕ ಆರೋಗ್ಯ ತಂಡಕ್ಕೆ ಕಳುಹಿಸುತ್ತಾರೆ. ಯಾರೂ ಇಲ್ಲದೆಯೇ ದನಿ ಕೇಳಿಸುವುದು, ಮಹಾಪಾಪ ಮಾಡಿದ್ದೇನೆಂಬ ಅಲುಗದ ನಂಬಿಕೆ ಇವುಗಳೊಂದಿಗೆ ಬರುವ ಖಿನ್ನತೆಗೂ ಅದೇ ದಾರಿ, ಇನ್ನಷ್ಟು ಬೇಗ. ವರ್ಷಗಟ್ಟಲೆ ಮಂದವಾಗಿ ಕಾಡುವ ಖಿನ್ನತೆಯನ್ನು ಸ್ವಭಾವವೆಂದು ತಳ್ಳಿಹಾಕುವವರು ಬಹಳ. ಎರಡು ವರ್ಷ ದಾಟಿದ್ದರೆ ಆ ಅವಧಿಯನ್ನು ಸ್ಪಷ್ಟವಾಗಿ ಹೇಳಿ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಪ್ರತಿ ಚಳಿಗಾಲದಲ್ಲೂ ಮರಳುವ ಖಿನ್ನತೆಗೂ ಉಳಿದದ್ದಕ್ಕೆ ಕೊಡುವ ಚಿಕಿತ್ಸೆಯೇ ಸಿಗುತ್ತದೆ.

ಹೆರಿಗೆಯ ನಂತರದ ಖಿನ್ನತೆಯಲ್ಲಿ ಮೌನ ಅತಿ ಹೆಚ್ಚು. ಹೇಳಿಕೊಂಡರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯವೇ ಅದಕ್ಕೆ ದೊಡ್ಡ ಕಾರಣ. ಖಿನ್ನತೆ ಇದೆಯೆಂಬ ಒಂದೇ ಕಾರಣಕ್ಕೆ ಹಾಗೆ ಮಾಡುವುದಿಲ್ಲ. ಮನೆಗೆ ಬರುವ ಹೆಲ್ತ್ ವಿಸಿಟರ್ (ತಾಯಿ ಮಗುವಿನ ಆರೋಗ್ಯ ನೋಡುವ ದಾದಿ) ಬಳಿ, ಆರರಿಂದ ಎಂಟು ವಾರದ ಜಿಪಿ ತಪಾಸಣೆಯಲ್ಲಿ ಬಾಯಿಬಿಟ್ಟು ಹೇಳಿ. ಬಾಣಂತಿಯರಿಗೆಂದೇ ಪ್ರತ್ಯೇಕ ಮಾನಸಿಕ ಆರೋಗ್ಯ ತಂಡಗಳಿವೆ, ಆಸ್ಪತ್ರೆಗೆ ಸೇರಬೇಕಾದರೂ ತಾಯಿ ಮಗು ಒಟ್ಟಿಗಿರುವ ಘಟಕಗಳಿವೆ. ಗರ್ಭಿಣಿಗೂ ಹೆರಿಗೆಯಾಗಿ ಒಂದು ವರ್ಷದವರೆಗೂ ವಿನಾಯಿತಿ ಪ್ರಮಾಣಪತ್ರ ಪಡೆದರೆ ಔಷಧಿ ಉಚಿತ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಗೊಂದಲ, ಭ್ರಮೆ, ನಿದ್ದೆಯಿಲ್ಲದ ಅತಿರೇಕ ಕಂಡರೆ ಅದು ತುರ್ತು ಸ್ಥಿತಿ, ಮನೆಯವರು ಕಾಯದೆ ಸಹಾಯ ಪಡೆಯಬೇಕು.

ಪ್ರಾಣಾಪಾಯವಿದ್ದರೆ 999 ಅಥವಾ ಹತ್ತಿರದ ಎ ಅಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ). ಮಾನಸಿಕ ಬಿಕ್ಕಟ್ಟಿಗೆ ಹಗಲುರಾತ್ರಿ 111ಕ್ಕೆ ಕರೆ ಮಾಡಿ 2ನ್ನು ಒತ್ತಿ. ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಸಮಾರಿಟನ್ಸ್ ಸಂಸ್ಥೆಯ 116 123, ಅದಕ್ಕೆ ಹಣ ಕೊಡಬೇಕಿಲ್ಲ. ಟಾಕಿಂಗ್ ಥೆರಪೀಸ್ ಬಿಕ್ಕಟ್ಟಿನ ಸೇವೆಯಲ್ಲ, ಅಂಥ ಹೊತ್ತಿನಲ್ಲಿ ಅದರ ಸಾಲಿನಲ್ಲಿ ಕಾಯಬೇಡಿ.

ಕೆಲಸದ ಚಿಂತೆಯೂ ಇರುತ್ತದೆ. ಮೊದಲ ಏಳು ದಿನ ಅನಾರೋಗ್ಯವೆಂದು ನೀವೇ ತಿಳಿಸಿದರೆ ಸಾಕು, ಆನಂತರ ಫಿಟ್ ನೋಟ್ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದರಲ್ಲಿ ಕಾರಣವನ್ನೂ ನಮೂದಿಸುತ್ತಾರೆ, ಹಾಗಾಗಿ ಏನು ಬರೆಯುತ್ತಾರೆಂದು ಮೊದಲೇ ಕೇಳಿಕೊಳ್ಳಿ. ದೈನಂದಿನ ಬದುಕಿಗೆ ಗಣನೀಯ ಅಡ್ಡಿಯಾಗುವ ಖಿನ್ನತೆ 12 ತಿಂಗಳು ಇದ್ದರೆ ಅಥವಾ ಅಷ್ಟು ಕಾಲ ಇರುವ ಸಂಭವವಿದ್ದರೆ, 2010ರ ಸಮಾನತಾ ಕಾಯ್ದೆಯಡಿ ಕೆಲಸದ ಸಮಯವೋ ಹೊರೆಯೋ ಸೂಕ್ತವಾಗಿ ಬದಲಾಗಬೇಕೆಂದು ಕೇಳುವ ಹಕ್ಕು ನಿಮಗಿದೆ.